ನಿಮ್ಮ ಸಮೀಕ್ಷೆ ಕೇಳದೆ ಬಿಟ್ಟ ಬೀಗ

ಸಂಜೆಯ ಸುದ್ದಿಯ ಪ್ರಧಾನ ಸಂಪಾದಕರೇ,

ಕಳೆದ ವಾರ ಬಂದೂಕು ನಿಯಂತ್ರಣದ ಜನಾಭಿಪ್ರಾಯ ಸಮೀಕ್ಷೆಯನ್ನು ಪ್ರಸಾರ ಮಾಡುವಾಗ ತಾವು ನನ್ನನ್ನು ಎರಡು ತುಂಡು ಮಾಡಿದ್ದೀರಿ. ತಕರಾರು ಅದರ ಬಗ್ಗೆಯೇ. ಸಮೀಕ್ಷೆಯವರು ಫೋನ್ ಮಾಡಿದಾಗ, ಮಗಳು ಚೆಲ್ಲಿದ ಓಟ್ಸ್ ಒರೆಸುತ್ತಲೇ ಉತ್ತರಿಸಿದ್ದೆ. ಕಾನೂನು ಬಿಗಿಯಾಗಬೇಕೇ? ಆಗಲೇಬೇಕು. ಮನೆಯಲ್ಲಿ ಬಂದೂಕಿದ್ದರೆ ಧೈರ್ಯವೇ? ಹೌದು, ಧೈರ್ಯ. ಎರಡೂ ಪ್ರಾಮಾಣಿಕ ಉತ್ತರಗಳೇ. ತಮ್ಮ ಪರದೆಯ ಮೇಲೆ ಅವು ಎರಡು ಬಣ್ಣದ ಕಂಬಗಳಾದವು. ನಡುವೆ ಬಿರುಕು ಬಿಟ್ಟ ದೇಶದ ಭೂಪಟ, ಹಿನ್ನೆಲೆಗೆ ಯುದ್ಧದ ಸಂಗೀತ. ಆ ಕಡೆ ಬೇಟೆಗಾರರಂತೆ, ಈ ಕಡೆ ತಾಯಂದಿರಂತೆ. ಶೇಕಡಾ ಒಂದು ಅಂಶ ಇಳಿಯಿತು, ಎರಡು ಅಂಶ ಏರಿತು ಎಂದು ತಮ್ಮ ನಿರೂಪಕರು ಕುದುರೆ ಜೂಜಿನ ಉತ್ಸಾಹದಲ್ಲಿ ಕೂಗಿದರು. ನಾನು ಯಾವ ಕಂಬದಲ್ಲಿದ್ದೆ ಸ್ವಾಮಿ? ಎರಡರಲ್ಲೂ. ನನ್ನ ವಿರುದ್ಧ ನಾನೇ ಎರಡು ಅಂಶ ಮುಂದಿದ್ದೆ.

ಸಮಾಜಶಾಸ್ತ್ರದ ಪದವೀಧರೆ ನಾನು; ಸಮೀಕ್ಷೆಗಳ ಲೋಪದೋಷಗಳ ಮೇಲೆ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದವಳು. ಆದರೂ 'ತಾಯಂದಿರು' ಎಂಬ ಕಂಬ ಏರಿದಾಗ ಸೋಫಾದಲ್ಲಿ ನನ್ನ ಬೆನ್ನು ನೆಟ್ಟಗಾಯಿತು. ಪಕ್ಕದಲ್ಲಿದ್ದ ಗಂಡ ವೇಡ್‌ನನ್ನು, ಅಂದರೆ ಎದುರಿನ ಕಂಬವನ್ನು, ಕನಿಕರದಿಂದ ನೋಡಿದೆ. ಪೆನ್ಸಿಲ್ವೇನಿಯಾದ ನಮ್ಮ ಊರಿನಲ್ಲಿ ಜಿಂಕೆ ಬೇಟೆಯ ಕಾಲ ಬಂದರೆ ಶಾಲೆಗೇ ರಜೆ. ಅಂಥ ರಜೆಗಳಲ್ಲಿ ಬೆಳೆದ ಪಾಪದ ಪ್ರಾಣಿ ಅವನು, ತಿಳುವಳಿಕೆ ಎಲ್ಲಿಂದ ಬರಬೇಕು?

ಅದೇ ವಾರದ ಶನಿವಾರ ನಮ್ಮ ನಾಲ್ಕು ವರ್ಷದ ಟೆಸ್ ಜೊತೆ ಆಡಲು ಅವಳ ಗೆಳತಿ ಜೂನಿಯನ್ನು ಕರೆದಿದ್ದೆ. ಮಕ್ಕಳನ್ನು ಬೇರೆ ಮನೆಗೆ ಬಿಡುವ ಮುನ್ನ ಇಲ್ಲಿಯ ತಾಯಂದಿರು ವಿಚಾರಿಸುವುದು ರೂಢಿ: ತಿಂಡಿಯಲ್ಲಿ ಅಲರ್ಜಿ ತರುವ ಕಡಲೆಕಾಯಿ ಇದೆಯೇ, ನಾಯಿ ಕಚ್ಚುತ್ತದೆಯೇ, ಈಜುಕೊಳಕ್ಕೆ ಬೇಲಿ ಇದೆಯೇ. ಬಂದೂಕಿನ ಮಾತು ಮಾತ್ರ ಎತ್ತುವಂತಿಲ್ಲ. ಎತ್ತಿದರೆ ಇವಳು ಯಾವ ಕಂಬದವಳು ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಕಲಿಸಿದವರು ತಾವು. ಜೂನಿಯ ತಾಯಿ ಕಾರಿನ್ ಬಾಗಿಲಲ್ಲೇ ನಿಂತಳು, ಮಗಳ ಕೈ ಬಿಡಲಿಲ್ಲ.

"ಬೇಜಾರ್ ಮಾಡ್ಕೋಬೇಡ ಕಣೇ ಆಡ್ರಾ. ಮನೇಲಿ ಬಂದೂಕು ಇದ್ಯಾ? ಬೀಗ ಹಾಕಿದೀರಾ?"

ನಾನು ಭಾಷಣ ಮಾಡಿದೆ. ಕಠಿಣ ಕಾನೂನಿನ ಪರ ನಾನೆಷ್ಟು ಗಟ್ಟಿಯಾಗಿ ನಿಂತಿದ್ದೇನೆ, ಯಾವ ಯಾವ ಮನವಿಗೆ ಸಹಿ ಹಾಕಿದ್ದೇನೆ, ಎಲ್ಲ ಹೇಳಿ, ತಮ್ಮ ವಾಹಿನಿಯ ಶೇಕಡಾವಾರನ್ನೂ ಒಪ್ಪಿಸಿದೆ.

"ಅದೆಲ್ಲ ಸರಿನಮ್ಮ," ಅಂದಳು ಕಾರಿನ್. "ಬೀಗ?"

ಹಿಂದಿನಿಂದ ವೇಡ್ ಹೇಳಿದ: "ನನ್ ರೈಫಲ್ಲೆಲ್ಲ ಕೆಳಗೆ ಕಬ್ಬಿಣದ ಕಪಾಟಲ್ಲಿದೆ. ಬೀಗ ಹಾಕಿದೆ, ಗುಂಡು ಬೇರೆ ಕಡೆ. ಇವಳ್ದು ಇವಳನ್ನೇ ಕೇಳು."

ನನ್ನದೂ ಒಂದಿದೆ, ಮಾನ್ಯರೇ. ಟೆಸ್ ಹುಟ್ಟಿದ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಮರದ ಮೆಟ್ಟಿಲು ಕಿರ್ ಎಂದರೂ ಕಳ್ಳನೇ. ಹಟ ಹಿಡಿದು ಪುಟ್ಟ ಪಿಸ್ತೂಲು ಕೊಂಡೆ. ಕೈಗೆ ಬೇಗ ಸಿಗಲೆಂದು, ಗುಂಡು ತುಂಬಿ, ಮಗುವಿನ ಕಾಲುಚೀಲಗಳ ಡ್ರಾಯರಿನಲ್ಲಿಟ್ಟೆ. ಅಲ್ಲೇ ಮರೆತೆ. ಟೆಸ್ ಈಗ ತನ್ನ ಕಾಲುಚೀಲ ತಾನೇ ಹುಡುಕಿಕೊಳ್ಳುತ್ತಾಳೆ.

ಕಾರಿನ್ ಕೂಗಾಡಲಿಲ್ಲ. ಇನ್ನೊಂದು ದಿನ ಬರುತ್ತೇವೆ ಎಂದು ಮಗಳನ್ನು ಕರೆದುಕೊಂಡು ಹೋದಳು. ನಾನು ಮೆಟ್ಟಿಲು ಹತ್ತಿ ಆ ಡ್ರಾಯರ್ ಎಳೆದೆ; ಗುಂಡು ತೆಗೆಯುವುದು ಹೇಗೆಂದೇ ಮರೆತಿದ್ದರಿಂದ ವೇಡ್ ಬಂದು ತೆಗೆಯಬೇಕಾಯಿತು. ಅವನು ಒಂದೊಂದೇ ಗುಂಡನ್ನು ಎಣಿಸಿ ಜೇಬಿಗೆ ಹಾಕಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ನನ್ನದೇ, ತಮ್ಮ ಕಂಬಗಳು ಬಂದು ನನ್ನ ಡ್ರಾಯರಿಗೆ ಬೀಗ ಹಾಕಬೇಕಿರಲಿಲ್ಲ. ಆದರೆ ಪರವೋ ವಿರೋಧವೋ ಎಂದಷ್ಟೇ ದಿನವೂ ಕೇಳಿಸಿಕೊಂಡವಳಿಗೆ, ಪರ ಎಂದ ಕೂಡಲೇ ಕರ್ತವ್ಯ ಮುಗಿಯಿತು ಅನ್ನಿಸಿಬಿಟ್ಟಿತ್ತು. ಆದ್ದರಿಂದ ನನ್ನ ಒತ್ತಾಯ ಇಷ್ಟೇ: ಮುಂದಿನ ಸಮೀಕ್ಷೆಯಲ್ಲಿ ನಿಮ್ಮ ಮನೆಯ ಬಂದೂಕಿಗೆ ಬೀಗವಿದೆಯೇ, ಅದು ಮಗುವಿನ ಕೈಗೆ ಸಿಗುತ್ತದೆಯೇ ಎಂದೂ ಕೇಳಿಸಿ. ಬಂದ ಉತ್ತರವನ್ನು ಸಂಗೀತವಿಲ್ಲದೆ ಓದಿ. ಅದರ ಮೇಲೆ ಜಗಳವಾಡಲು ಇಬ್ಬರನ್ನು ಕರೆಸಬೇಡಿ.

ಪಿಸ್ತೂಲು ಈಗ ವೇಡ್‌ನ ಕಪಾಟಿನಲ್ಲಿದೆ. ಬಂದು ಆ ಕಪಾಟಿನ ಹಿಡಿಯನ್ನು ನೀನೇ ಎಳೆದು ನೋಡು ಎಂದು ಕಾರಿನ್‌ಗೆ ಫೋನ್ ಮಾಡಿದೆ. ನೋಡೋಣ ಎಂದಿದ್ದಾಳೆ. ಬರುತ್ತೇನೆ ಎಂದಿಲ್ಲ.

ಇಂತಿ,
ತಮ್ಮ ಲೆಕ್ಕದಲ್ಲಿ ಜಾಗೃತ ತಾಯಿಯಾದ
ಆಡ್ರಾ ಹ್ಲಾವಾಟಿ