ಅರ್ಧ ಹೋಳಿಗೆ

ಮುಧೋಳ, ತಾ. ಸೇಡಂ
ಸೋಮವಾರ, ೨೧ ಜೂನ್ ೨೦೨೧

ಮಗಳಂಥ ಸೊಸೆ ಶಿವಗಂಗಾಗೆ,

ಇವತ್ತು ಸೋಮವಾರದ ಉಪವಾಸ. ಅಂಗಳ ಗುಡಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ಎಮ್ಮೆ ನಿನ್ನ ಕೈಗೆ ಹೊಂದಿತ್ತು, ನನ್ನನ್ನು ಒದೆಯುತ್ತದೆ. ನಿನ್ನ ಮೈ ಹೇಗಿದೆ? ಎರಡು ಮೆಟ್ಟಿಲು ಹತ್ತಿದರೆ ಈಗಲೂ ದಮ್ಮು ಬರುತ್ತದೆಯೇ? ಎದೆಯ ಹಾಲು ಬತ್ತಿತೇ? ಫೋನ್ ಮಾಡಿದರೆ ನೀನು ನಿಮ್ಮವ್ವನ ಕೈಗೆ ಕೊಡುತ್ತೀ, ಆಕೆ ‘ಮಲಗ್ಯಾಳ್ರಿ’ ಅನ್ನುತ್ತಾಳೆ. ಅದಕ್ಕೇ ಈ ಕಾಗದ.

ಏಳು ತಿಂಗಳ ಬಸುರಿ ನಿನಗೆ ಸೀರೆ ಉಡಿಸಿ ಉಡಿ ತುಂಬುವ ಕುಬಸದ ಹಿಂದಿನ ದಿನ ಆಶಾ ಕಾರ್ಯಕರ್ತೆ ಮಾಶಾಬಿ ಹೊಸ್ತಿಲಲ್ಲೇ ನಿಂತು, ‘ಅವ್ವಾ, ಈ ಕೊರೊನಾ ಬಸುರಿಗೆ ಭಾಳ ಕೆಟ್ಟದ್ದು, ಮಂದಿ ಕೂಡಿಸಬ್ಯಾಡ್ರಿ’ ಅಂದಿದ್ದಳು. ‘ನೀ ನಾಳೆ ಬಂದು ಹೋಳಿಗಿ ತಿಂದು ಹೋಗು, ಸಾಕು’ ಅಂತ ನಾನೇ ನಗಾಡಿದೆ. ಆರನೇ ದಿನ ನಿನಗೆ ಜ್ವರ ಬಂತು. ಕಲಬುರಗಿಯಲ್ಲಿ ಹನ್ನೊಂದು ದಿನ ಮೂಗಿಗೆ ಆಕ್ಸಿಜನ್. ಕೂಸು ತಿಂಗಳು ತುಂಬದೆ ಬಂತು, ಎರಡು ದಿನ ಇತ್ತು. ನಿನಗೆ ತೋರಿಸಲಿಲ್ಲ. ಗಾಜಿನ ಈಚೆಯಿಂದ ನೋಡಿದವಳು ನಾನೊಬ್ಬಳೇ. ಮೂಗು ನಿನ್ನದೇ ಇತ್ತು. ಹೊಲದಲ್ಲಿ ಮಣ್ಣು ಮಾಡಿದ ಜಾಗಕ್ಕೆ ದಿನಾ ಹೋಗಿ ವಿಭೂತಿ ಇಟ್ಟು ಬರುತ್ತೇನೆ.

ನೀನು ಆಸ್ಪತ್ರೆಯಿಂದ ಬಂದ ಮೇಲೆ ಓಣಿಯ ಹೆಂಗಸರು, ‘ತಪಾಸಣಿಗಿ ಅಂತ ಸೇಡಂ ಜೀಪಿನ್ಯಾಗ ಹೋಗಿದ್ದಳು, ಅಲ್ಲೇ ಕೊರೊನಾ ಹಚಗೊಂಡು ಬಂದಳು’ ಅಂದರು. ನನ್ನ ಮಗ, ನಿನ್ನ ಗಂಡ ಸಿದ್ದಲಿಂಗೇಶನೂ ಅದೇ ಮಾತು ಹಿಡಿದು ನಿನ್ನ ಮೇಲೆ ರೇಗಿದ. ನೀನು ಗೋಡೆಯ ಕಡೆ ಮುಖ ಮಾಡಿದೆ, ಮರುದಿನ ಐನಾಪುರದ ತವರಿಗೆ ಹೋದೆ. ನಾನು ಅಲ್ಲೇ ಜೋಳ ಹಸನು ಮಾಡುತ್ತ ಕುಳಿತಿದ್ದೆ. ತಲೆ ಎತ್ತಲಿಲ್ಲ.

ಬಸವಣ್ಣ ನಿನ್ನ ಉಸಿರು ನೆಟ್ಟಗಿಡಲಿ. ನಿಮ್ಮಪ್ಪ, ಅವ್ವನಿಗೆ ನನ್ನ ಶರಣು ತಿಳಿಸು.

ನಿನ್ನ ಅತ್ತೆ,
ಗುರುದೇವಿ

ತಾ.ಕ.: ಕುಬಸಕ್ಕೆ ಎರಡು ದಿನ ಮೊದಲೇ ನನಗೆ ಕೆಮ್ಮು, ಮೈಬಿಸಿ ಇತ್ತು. ಕಾರ್ಯ ನಿಲ್ಲಬಾರದೆಂದು ಗುಳಿಗೆ ನುಂಗಿ, ಬಾಯಲ್ಲಿ ಲವಂಗ ಇಟ್ಟುಕೊಂಡು ಮುಚ್ಚಿಟ್ಟೆ. ನಮ್ಮ ಮನೆಯ ಪದ್ಧತಿಯಂತೆ ಹೋಳಿಗೆಯನ್ನು ಮೊದಲು ನಾನು ಕಚ್ಚಿ, ಉಳಿದರ್ಧ ನಿನ್ನ ಬಾಯಿಗಿಟ್ಟೆ. ಯಾರಿಂದ ಬಂತೆಂದು ಹೇಳಲಾಗದು ಅಂದರು ಡಾಕ್ಟರು. ನನಗೆ ಗೊತ್ತು. ಈ ಕಾಗದವನ್ನು ಸಿದ್ದಲಿಂಗೇಶನ ಕೈಯಲ್ಲೇ ಕಳಿಸುತ್ತಿದ್ದೇನೆ, ಅಂಟಿಸಿಲ್ಲ. ಬಸ್ಸು ಚಿಂಚೋಳಿ ಮುಟ್ಟುವುದರೊಳಗೆ ಓದಿ ಮುಗಿಸು ಎಂದು ಅವನಿಗೆ ಹೇಳಿದ್ದೇನೆ. ಬೈಯುವುದಿದ್ದರೆ ಬೈದೇ ಬರೆ, ಎರಡು ಸಾಲು ಸಾಕು. ಬರೆಯುವ ತನಕ ಅವನು ನಿಮ್ಮ ಕಟ್ಟೆಯ ಮೇಲೆ ಕುಳಿತಿರಲಿ. ನಿನ್ನ ಉತ್ತರ ತಗೊಳ್ಳದೆ ಮನೆಗೆ ಬರಬೇಡ ಎಂದಿದ್ದೇನೆ.