ಒಂಬತ್ತನೇ ಕಾಲಮ್

11 ಸೆಪ್ಟೆಂಬರ್ 2025, ಗುರುವಾರ. ಚನ್ನಗಿರಿ

ಲಸಿಕೆ ದಿನ. ಇಪ್ಪತ್ತಾರು ಮಕ್ಕಳು, ಒಂಬತ್ತು ಗರ್ಭಿಣಿಯರು. ಕೂರಲು ಪುರುಸೊತ್ತಿಲ್ಲ. ಇದರ ಮಧ್ಯೆ ಡಾಕ್ಟರ್ ಗುರುಬಸವರಾಜ್ ಕರೆದು ಹೊಸ ಫಾರ್ಮ್ಯಾಟ್ ಕೊಟ್ಟರು. ದಾಖಲೆ ಇಲ್ಲದವರು, ಹೊರದೇಶದವರೆಂದು ಅನುಮಾನ ಇರುವವರು — ಅಂಥವರಿಗೆ ನಮ್ಮ ಆಸ್ಪತ್ರೆಯಲ್ಲಿ ಏನೇನು ಕೊಟ್ಟೆವು, ಸರ್ಕಾರಕ್ಕೆ ಎಷ್ಟು ಖರ್ಚಾಯಿತು. ತಿಂಗಳ ಕೊನೆಗೆ ಹೋಗಬೇಕು. ಒಟ್ಟು ಒಂಬತ್ತು ಕಾಲಮ್. ಕೊನೆಯದು, ಈಗಿನ ವಾಸ.

ತುಂಬುತ್ತೇನೆ ಬಿಡಿ ಸರ್ ಎಂದೆ. ಹದಿನೆಂಟು ವರ್ಷದ ಸರ್ವಿಸ್‌ನಲ್ಲಿ ಒಂದೇ ಒಂದು ಕಾಲಮ್ ಖಾಲಿ ಬಿಟ್ಟವಳಲ್ಲ. ಮೀಟಿಂಗ್‌ನಲ್ಲಿ ಸುಧಾ ಸಿಸ್ಟರ್ ರಿಜಿಸ್ಟರ್ ನೋಡಿ ಕಲೀರಿ ಅನ್ನುತ್ತಾರೆ. ಜಂಬ ಎಂದರೆ ಜಂಬವೇ.

ಕೊನೆಗೆ ಬಂದವಳು ಮೊಮೆನಾ. ಅಡಿಕೆ ಸುಲಿಯುವ ಶೆಡ್‌ನವಳು. ಇಪ್ಪತ್ತೆರಡು ವರ್ಷ, ಚೊಚ್ಚಲು, ಏಳು ತಿಂಗಳು. ಹಿಮೋಗ್ಲೋಬಿನ್ ಬರೀ ಏಳು. ಊರು ಅಸ್ಸಾಂ ಅನ್ನುತ್ತಾಳೆ. ಆಧಾರ್ ಕೇಳಿದರೆ ಹೊಳೆ ಬಂದು ಮನೆಯ ಜೊತೆ ಕೊಚ್ಚಿಕೊಂಡು ಹೋಯಿತಂತೆ. ಬೆರಳು ಒತ್ತಿಸೋಣವೆಂದರೆ ಅಡಿಕೆ ಸುಲಿದು ಸುಲಿದು ಗೆರೆಗಳೇ ಸವೆದಿವೆ. ತಾಯಿ ಕಾರ್ಡ್ ಮಾಡಿಕೊಟ್ಟೆ. ಅದನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡಳು.

25 ಸೆಪ್ಟೆಂಬರ್

ಮೊಮೆನಾಗೆ ರಕ್ತ ಹೆಚ್ಚಲು ಡ್ರಿಪ್ ಹಾಕಿದೆ. ಬಿ.ಪಿ. ಸ್ವಲ್ಪ ಜಾಸ್ತಿ... ಇಷ್ಟವಾಗಲಿಲ್ಲ ನನಗೆ. ಮಗುವಿನ ಎದೆಬಡಿತ ಕೇಳಿಸಿದೆ. ಕಣ್ಣು ದೊಡ್ಡದು ಮಾಡಿ ಕೇಳಿದಳು, ಆಮೇಲೆ ನಕ್ಕಳು. ಇನ್ನೊಂದು ಸಲ ಎಂದು ಬೆರಳು ತೋರಿಸಿದಳು. ಕ್ಯೂ ಬಾಗಿಲಾಚೆಗಿತ್ತು, ಆದರೂ ಕೇಳಿಸಿದೆ.

30 ಸೆಪ್ಟೆಂಬರ್, ಸಂಜೆ 5

ಫಾರ್ಮ್ಯಾಟ್ ತುಂಬಿದೆ. ‘ಯಾರೂ ಇಲ್ಲ’ ಎಂದು ಬರೆಯೋಣವೇ ಎಂದು ಡಾಕ್ಟರ್‌ಗೆ ಕೇಳಿದೆ. ಬರೆದರೆ ವಾಪಸ್ ಬರುತ್ತದೆ, ಮತ್ತೆ ಎರಡು ದಿನ ಅದೇ ಗೋಳು ಎಂದರು. ಮೊಮೆನಾ ಹೆಸರು ಹಾಕಿದೆ. ಮಾತ್ರೆ, ಡ್ರಿಪ್, ಸಿರಿಂಜ್, ಹತ್ತಿ. ಹತ್ತಿಗೂ ಲೆಕ್ಕ. ಒಟ್ಟು ಒಂದು ಸಾವಿರದ ನೂರಾ ನಲವತ್ತು. ಎದೆಬಡಿತ ಕೇಳಿಸಿದ್ದಕ್ಕೆ ಎಷ್ಟು ಹಾಕಬೇಕೋ ತಿಳಿಯದೆ ಹತ್ತು ನಿಮಿಷ ಕೂತೆ. ಕೊನೆಗೆ ಸೇವೆ 2, ದರ ಅನ್ವಯಿಸುವುದಿಲ್ಲ ಎಂದು ಬರೆದೆ.

ಒಂಬತ್ತನೇ ಕಾಲಮ್: ಬೆನಕಪ್ಪನವರ ಖೇಣಿ ಶೆಡ್. ತೋಟದ ಅಡಿಕೆ ಗುತ್ತಿಗೆ ಹಿಡಿದು ಸುಲಿಸುವವರು ಅವರು. ಕೂಲಿಯವರಿಗೆಲ್ಲ ನಾವು ಬರೆಯುವುದೇ ಹಾಗೆ — ಧಣಿಯ ಹೆಸರಿನ ಮೇಲೆ. ಇಲ್ಲದಿದ್ದರೆ ಆಶಾ ಕಾರ್ಯಕರ್ತೆ ಕಲ್ಪನಾಗೆ ಮನೆ ಸಿಗುವುದಿಲ್ಲ. ಫೋಟೋ ತೆಗೆದು ಜಿಲ್ಲೆಯ ಸಿಸ್ಟರ್‌ಗಳ ವಾಟ್ಸಾಪ್ ಗ್ರೂಪ್‌ಗೆ ಹಾಕಿದೆ. ತಾಲ್ಲೂಕಿಗೇ ಮೊದಲು ನಮ್ಮದು. ಯಾರೋ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

4 ಅಕ್ಟೋಬರ್, ಬೆಳಗ್ಗೆ

ಶೆಡ್‌ಗೆ ಬೀಗ. ಕಲ್ಪನಾ ಫೋನ್ ಮಾಡಿ ಹೇಳಿದಳು. ಹದಿನಾಲ್ಕು ಜನರನ್ನು ನಿನ್ನೆ ಬೆನಕಪ್ಪನವರು ಲಾರಿ ಹತ್ತಿಸಿದರಂತೆ.

ಅದೇ ದಿನ, 12.30

ಬೆನಕಪ್ಪ ಆಸ್ಪತ್ರೆಗೇ ಬಂದರು. ಗ್ರೂಪ್‌ನ ಫೋಟೋ ಯಾರ್ಯಾರ ಕೈ ದಾಟಿಯೋ ಅವರ ಫೋನ್‌ಗೆ ಬಂದಿದೆ. ಅನುಮಾನ ಇರುವವರ ಪಟ್ಟಿ, ಅದರಲ್ಲಿ ಇವರ ಹೆಸರು. ಮನುಷ್ಯ ಕೂಗಾಡಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, “ಮೇಡಂ, ನಿಮ್ಮನ್ನ ನಂಬಿ ಆ ಹುಡುಗೀನ ಕಳ್ಸಿದ್ದೆ ನಾನು. ಹಿಂಗೆ ನನ್ನ ಹೆಸ್ರು ಬರ್ದು ಊರ್ಗೆಲ್ಲ ತೋರ್ಸಿದ್ರೆ ನಾನೇನು ಮಾಡಾಕೆ ಆಗ್ತೈತೆ?” ಎಂದರು.

ಎಲ್ಲಿಗೆ ಹೋದರು ಎಂದು ಕೇಳಿದೆ. ಹೊನ್ನಾಳಿ ಕಡೆ ಮೇಸ್ತ್ರಿಯೊಬ್ಬ ಕರೆದುಕೊಂಡು ಹೋದ, ಅಷ್ಟೇ ಗೊತ್ತು ಎಂದರು. ಅವಳ ಗಂಡನ ಫೋನ್ ಸ್ವಿಚ್ ಆಫ್.

ಎಂಟು ತಿಂಗಳಿಗೆ ಬೀಳುತ್ತಿದ್ದಾಳೆ. ಬಿ.ಪಿ. ಇದೆ. ಲಾರಿ ಹತ್ತಿಸಿದ್ದಾರೆ. ಹತ್ತಿಸಿದ್ದು ಅವರಲ್ಲ, ನಾನು.

5 ಅಕ್ಟೋಬರ್

ಕೂತಲ್ಲಿ ಕೂರಲಾಗುತ್ತಿಲ್ಲ. ಕ್ವಾರ್ಟರ್ಸ್‌ನಲ್ಲಿ ಬೀರು ಖಾಲಿ ಮಾಡಿ ಮತ್ತೆ ಜೋಡಿಸಿದೆ. ಅನ್ನ ಸೀದುಹೋಯಿತು.

9 ಅಕ್ಟೋಬರ್

ಹೊನ್ನಾಳಿ ಕಡೆಯ ಸಿಸ್ಟರ್‌ಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್. ಗ್ರೂಪ್‌ನಲ್ಲಿ ಹಾಕಿದರೆ ಒಂದೇ ನಿಮಿಷದ ಕೆಲಸ. ಹಾಕುವುದಿಲ್ಲ. ಗ್ರೂಪ್‌ನ ಮುಖ ನೋಡಿದರೆ ಮೈ ಉರಿಯುತ್ತದೆ.

ಹನ್ನೊಂದು ಜನ ಇಲ್ಲ ಎಂದರು. ಒಬ್ಬಳು, ಸಿಕ್ಕರೆ ನಾನೂ ಫಾರ್ಮ್ಯಾಟ್‌ನಲ್ಲಿ ಬರೆದುಕೊಳ್ಳುತ್ತೇನೆ, ನಂದು ಖಾಲಿ ಇದೆ ಎಂದಳು. ಫೋನ್ ಇಟ್ಟುಬಿಟ್ಟೆ. ಹೋದ ತಿಂಗಳು ನಾನೂ ಅದನ್ನೇ ಅನ್ನುತ್ತಿದ್ದೆ.

13 ಅಕ್ಟೋಬರ್

ರಜೆ ಹಾಕಿ ನ್ಯಾಮತಿಗೆ ಹೋದೆ. ಸೂರಗೊಂಡನಕೊಪ್ಪದ ದಾರಿಯಲ್ಲಿ ಮೆಕ್ಕೆಜೋಳ ಮುರಿಯುವವರ ಒಂದು ಬ್ಯಾಚ್ ಇದೆ ಎಂದು ಅಲ್ಲಿನ ಸಿಸ್ಟರ್ ಹೇಳಿದ್ದರು. ಹೊಲದಲ್ಲಿ ಬರೀ ದಂಟು. ಮುರಿದು ಮುಗಿಸಿ ಮೂರು ದಿನವಾಯಿತಂತೆ. ಬಸುರಿ ಇದ್ದಳಾ ಎಂದೆ. ಇದ್ದಳು, ಕಾಲು ಬಾತುಕೊಂಡಿತ್ತು ಎಂದರು ಹೊಲದವರು. ಮುಂದಿನ ಕೆಲಸ ಜಗಳೂರು ಸೀಮೆಯಂತೆ.

ಕಾಲು ಬಾತುಕೊಂಡಿದೆ. ಬಸ್ಸಿನಲ್ಲಿ ಬರುವಾಗ ಅತ್ತೆ. ಪಕ್ಕದಾಕೆ ಕಿಟಕಿ ಹಾಕಲಾ ಎಂದು ಕೇಳಿದಳು.

ಜಗಳೂರು ಎಂದರೆ ನನ್ನ ಸೀಮೆ. ನಮ್ಮೂರು ಸೊಕ್ಕೆಗೆ, ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಯಾರ ಹೊಲದಲ್ಲಿ ಯಾರು ಕೂಲಿ ಎನ್ನುವುದು ನಮ್ಮವ್ವ ಗಾದ್ರಮ್ಮನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೂ ಗೊತ್ತಿಲ್ಲ. ಬೈದಳು. ಚೆನ್ನಾಗಿಯೇ ಬೈದಳು.

27 ಅಕ್ಟೋಬರ್, ಮಧ್ಯಾಹ್ನ

ಅವ್ವನ ಫೋನ್. ಸಿಕ್ಕಿದ್ದಾಳೆ.

2 ನವೆಂಬರ್, ಭಾನುವಾರ. ಸೊಕ್ಕೆ

ರಜೆ ಸಿಗಲು ಭಾನುವಾರವೇ ಆಗಬೇಕಾಯಿತು. ಹೊಲದ ಬದುವಿನಲ್ಲಿ ತಾಡಪಾಲಿನ ಗುಡಿಸಲು. ನನ್ನನ್ನು ನೋಡಿದ್ದೇ ಮೊಮೆನಾ ಒಳಗೆ ಸರಿದಳು. ಓಡಿಹೋಗಲು ನೋಡಿದಳು ಎಂದೇ ಬರೆಯಬೇಕು. ಬಾತ ಕಾಲಿನಲ್ಲಿ ಎಲ್ಲಿಗೆ ಓಡುತ್ತಾಳೆ? ತಾಯಿ ಕಾರ್ಡ್ ಎಲ್ಲಿ ಎಂದರೆ ಸುಟ್ಟೆ ಎಂದಳು.

“ದೀದಿ, ಕಿತಾಬ್ ಮೇ ನಾಮ್ ಮತ್ ಲಿಖೋ.”

ಪುಸ್ತಕದಲ್ಲಿ ಹೆಸರು ಬರೆಯಬೇಡ. ಹಿಂದಿ ಬಾರದ ನನಗೂ ಅಷ್ಟು ತಿಳಿಯುತ್ತದೆ. ಬಿ.ಪಿ. ನೂರಾ ಅರವತ್ತು. ಆಸ್ಪತ್ರೆ ಎಂದಕೂಡಲೇ ಕೈ ಕಿತ್ತುಕೊಂಡಳು. ನಾನು ಎಷ್ಟು ಹೇಳಿದರೂ ಇಲ್ಲ. ನನ್ನ ಮಾತಿಗೆ ಏನು ಬೆಲೆ ಉಳಿದಿದೆ ಅವಳ ಹತ್ತಿರ?

ಕೊನೆಗೆ ಅವ್ವ ನನ್ನನ್ನು ಆಚೆ ಕಳಿಸಿದಳು. ಭಾಷೆ ಇಲ್ಲ, ಏನಿಲ್ಲ. ಅರ್ಧ ಗಂಟೆಯ ಮೇಲೆ ಹೊರಗೆ ಬಂದಳು, ಮೊಮೆನಾಳ ಗಂಟು ತಾನೇ ಹಿಡಿದುಕೊಂಡು. ಹಿಂದೆಯೇ ಮೊಮೆನಾ. ಏನು ಹೇಳಿದೆ ಎಂದೆ.

“ಏನೂ ಹೇಳ್ಲಿಲ್ಲ. ತಲೆ ಬಾಚಿದೆ. ಚೊಚ್ಚಲು ಹೆರಿಗೆ ತವರುಮನೇಲಿ ಆಗ್ಬೇಕು, ನಡೀ ಅಂದೆ.”

5 ನವೆಂಬರ್, ಬುಧವಾರ. ಜಗಳೂರು

ಬೆಳಗ್ಗೆ ಆರಕ್ಕೆ ನೋವು. ಅವ್ವ ಕೈ ಹಿಡಿದುಕೊಂಡ ಮೇಲೆ ಆಸ್ಪತ್ರೆಗೆ ಬಂದಳು. ಆಸ್ಪತ್ರೆಯ ಮೇಜಿನ ಮೇಲೆ ಅದೇ ಫಾರ್ಮ್ಯಾಟ್, ರಿಜಿಸ್ಟರ್‌ನ ಕೆಳಗಿಂದ ತುದಿ ಕಾಣುತ್ತಿತ್ತು. ಡ್ಯೂಟಿ ಸಿಸ್ಟರ್ ಆಧಾರ್ ಕೇಳಿದರು, ಊರು ಕೇಳಿದರು.

ಅವ್ವ ಮುಂದೆ ಬಂದಳು. “ಬಾಣಂತನಕ್ಕೆ ಬಂದಾಳೆ ಕಣವ್ವ. ತವರುಮನೆ ನಮ್ದು. ಸೊಕ್ಕೆ ಗಾದ್ರಮ್ಮ ಅಂತ ಬರ್ಕ. ಆಧಾರ್ ಗೀದಾರ್ ಆಮ್ಯಾಲೆ ನೋಡಾನ, ನನ್ ಬೆರಳೂ ರೇಷನ್ ಮಿಷನ್ನಿಗೆ ಹತ್ತಲ್ಲ.”

ಸಿಸ್ಟರ್ ಚೀಟಿಯ ಮೇಲಿನ ಹೆಸರು ನೋಡಿದರು. ಅವ್ವನ ಹಣೆಯ ವಿಭೂತಿ ನೋಡಿದರು. ನಾನೂ ಅದೇ ಕೆಲಸದವಳೆಂದು ಅವರಿಗೆ ಗೊತ್ತು, ಟ್ರೈನಿಂಗ್‌ನಲ್ಲಿ ಕಂಡವರು. ತಪ್ಪು ಮಾಹಿತಿ ಎಂದು ನಾನು ಹೇಳಬೇಕಿತ್ತು. ಗೋಡೆಯ ಪೋಸ್ಟರ್ ಓದುತ್ತಾ ನಿಂತೆ. ತವರಿಗೆ ಬಂದವರು ಎಂದು ಬರೆದುಕೊಂಡು ಬಿ.ಪಿ. ಪಟ್ಟಿ ಕಟ್ಟಿದರು. ಫಾರ್ಮ್ಯಾಟ್ ಹೊರಗೆ ಬರಲೇ ಇಲ್ಲ.

11.20. ಹೆಣ್ಣು ಮಗು. ಎರಡು ಕೆ.ಜಿ. ನೂರು. ಹುಟ್ಟಿ ಒಂದು ನಿಮಿಷ ಅಳಲಿಲ್ಲ. ಆ ಒಂದು ನಿಮಿಷವನ್ನು ನಾನು ಬರೆಯಲಾರೆ. ಆಮೇಲೆ ಅತ್ತಳು.

28 ನವೆಂಬರ್, ಶುಕ್ರವಾರ. ಚನ್ನಗಿರಿ

ಸೆಪ್ಟೆಂಬರ್‌ನ ಹಾಳೆ ವಾಪಸ್ ಬಂದಿದೆ. ಪರಿಶೀಲನೆ. ಮೊಮೆನಾ ಹೆಸರಿಗೆ ಕೆಂಪು ಗೆರೆ. ಹೇಳಿದ ವಾಸಸ್ಥಳದಲ್ಲಿ ಇಲ್ಲ, ಈಗಿನ ವಾಸ ತಿಳಿಸಿ, ನಿಮ್ಮ ಸಹಿ ಹಾಕಿ. ಮಧ್ಯಾಹ್ನ ಮೂರರೊಳಗೆ. ಗೊತ್ತಿದ್ದರೆ ಬರೆದುಬಿಡಿ ಸಿಸ್ಟರ್, ಇಲ್ಲದಿದ್ದರೆ ನೋಟಿಸ್ ಬರುವುದು ನಿಮಗೆ ಎಂದರು ಡಾಕ್ಟರ್. ಕೆಟ್ಟವರಲ್ಲ. ದನಿ ಸಣ್ಣದು ಮಾಡಿ ಹೇಳಿದರು.

ಗೊತ್ತಿದೆ. ಬಾಗಿಲು ಸಮೇತ ಗೊತ್ತಿದೆ. ನಾನು ಹುಟ್ಟಿದ ಕೋಣೆಯಲ್ಲೇ ಮಲಗಿದ್ದಾಳೆ.

2.40

ಒಂಬತ್ತನೇ ಕಾಲಮ್ ಖಾಲಿ ಬಿಟ್ಟೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಸಹಿ ಮಾತ್ರ ಹಾಕಿದೆ, ನೆಟ್ಟಗೆ ಬಂತು. ಕೆಳಗೆ ಇನ್ನೊಂದು ಸಾಲು ಇದೆ — ಖಾಲಿ ಬಿಟ್ಟಿದ್ದರೆ ಕಾರಣ ಬರೆಯಿರಿ. ಅದಕ್ಕೂ ಜಾಗ ಮಾಡಿಟ್ಟಿದ್ದಾರೆ.

ಈಗಷ್ಟೇ ಅವ್ವನ ಫೋನ್. ಮೊದಲು ಕೂಸಿನ ಅಳು ಕೇಳಿಸಿತು, ಆಮೇಲೆ ಅವ್ವ. ಎರೆಯಾಕೆ ನೀರು ಕಾಯಾಕೆ ಇಟ್ಟೀನಿ, ಎಣ್ಣೆ ಮುಗಿದೈತೆ, ಬರುವಾಗ ತಗಂಡು ಬಾ ಎಂದಳು. ಫೋನ್ ಇಡಬೇಡ, ಇನ್ನೊಂದು ಸ್ವಲ್ಪ ಹೊತ್ತು ಕೂಸಿನ ಹತ್ತಿರ ಹಿಡಿ ಎಂದೆ.

ಮೂರಾಗುತ್ತಾ ಬಂತು. ಪೆನ್ನು ಕೈಯಲ್ಲೇ ಇದೆ. ಬರೆಯಬೇಕು.

ಕಾರಣ —