ಕುಡಿತ ಬಿಟ್ಟವರ ಕೋಣೆಗೆ ಬೀಗ ಹಾಕಿಸಿದ ಸಾಹೇಬರಿಗೆ

ಗ್ರಂಥಾಲಯದ ಮಾನ್ಯ ಮೇಲಧಿಕಾರಿಗಳೇ,

ಕುಡಿಯುವುದನ್ನು ಬಿಟ್ಟವರು ವಾರಕ್ಕೊಮ್ಮೆ, ಭಾನುವಾರ ಸಂಜೆ ನಾಲ್ಕರಿಂದ ಐದರವರೆಗೆ ಕೂರುತ್ತಿದ್ದ ಕೋಣೆಗೆ ತಾವು ಬೀಗ ಹಾಕಿಸಿದ್ದೀರಿ. ಲಾಲ್‌ಬಾಗಿನ ಪಕ್ಕದ ನಮ್ಮ ಪುಟ್ಟ ಶಾಖೆಯ ಮಹಡಿ ಕೋಣೆ ಅದು. ತಪಾಸಣೆಗೆಂದು ಬಂದ ತಾವು ಅಲ್ಲಿ ನಿಂತದ್ದು ಏಳು ನಿಮಿಷವಂತೆ. ಹೋದಮೇಲೆ ಆದೇಶ ಬಂತು: "ಸದರಿ ಕೋಣೆಯ ಗೋಡೆಯ ಮೇಲೆ ಕುಡುಕರ ಭಾವಚಿತ್ರಗಳಿದ್ದು, ಓದಲು ಬರುವ ಮಕ್ಕಳ ಮೇಲೆ ದುಷ್ಪರಿಣಾಮ ಬೀರುವ ಸಂಭವವಿರುತ್ತದೆ."

ಆ ಭಾವಚಿತ್ರಗಳ ಬಗ್ಗೆ ಒಂದು ಮಾತು. ಒಬ್ಬ ನಿವೃತ್ತ ಕ್ರಿಕೆಟಿಗ, ಒಬ್ಬ ನಟಿ, ಒಬ್ಬ ಗಾಯಕ. ಮೂವರೂ ನಾಡಿಗೆಲ್ಲ ಗೊತ್ತಿರುವವರು, ಮೂವರೂ ತಮ್ಮ ಕುಡಿತದ ಕಥೆಯನ್ನು ತಾವೇ ಬಾಯಿಬಿಟ್ಟು ಹೇಳಿಕೊಂಡವರು. ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ್ದ ಆ ಚಿತ್ರಗಳ ಕೆಳಗೆ, ಬಿಟ್ಟು ಎಷ್ಟು ವರ್ಷವಾಯಿತೆಂದು ಗುಂಡಗಿನ ಅಕ್ಷರದಲ್ಲಿ ಬರೆದಿತ್ತು. ಸ್ವಾಮಿ, ಅವರು ಕುಡುಕರಲ್ಲ, ಬಿಟ್ಟವರು. ವ್ಯತ್ಯಾಸ ಚಿಕ್ಕದೆನಿಸಿದರೆ ಅವರ ಮನೆಯವರನ್ನು ಕೇಳಿ. ನಿವೃತ್ತರಾದ ನೌಕರರಿಗೆ ತಮ್ಮ ಇಲಾಖೆ ಬೆಳಿಗ್ಗೆ ಬಂದು ಹಾಜರಿ ಹಾಕಿ ಎನ್ನುತ್ತದೆಯೇ? ಇನ್ನು ಮಕ್ಕಳ ಮಾತು. ಅದೇ ಕೋಣೆಯ ಕಿಟಕಿ ತೆರೆದರೆ ಎದುರಿಗೇ ಒಂದು ಬಾರ್, ಹಗಲಿನಲ್ಲೂ ಮಿನುಗುವ ಬಣ್ಣದ ದೀಪ. ಅದರಿಂದ ಯಾವ ದುಷ್ಪರಿಣಾಮವೂ ಇರುವುದಿಲ್ಲವೆಂದು ತಮ್ಮ ಏಳು ನಿಮಿಷದಲ್ಲಿ ಖಚಿತವಾಗಿರಬೇಕು.

ನಾನು ಚಿಕ್ಕಪೇಟೆಯ ಸಗಟು ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿರುವವನು. ಹತ್ತೊಂಬತ್ತು ವರ್ಷ ಕುಡಿದೆ. ಯಾರಿಗೂ ಗೊತ್ತಿಲ್ಲವೆಂದುಕೊಂಡೇ ಕುಡಿದೆ. ಒಂದು ಮಧ್ಯಾಹ್ನ ಟಿವಿಯಲ್ಲಿ ಆ ಕ್ರಿಕೆಟಿಗರ ಸಂದರ್ಶನ ಬರುತ್ತಿತ್ತು. ನಾನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸಿದ್ದ ಮನುಷ್ಯ ಅವರು. ಬಾಟಲಿಯನ್ನು ಅಕ್ಕಿ ಡಬ್ಬದೊಳಗೆ ಹೂತಿಡುತ್ತಿದ್ದೆ ಎಂದು ನಗುತ್ತಲೇ ಹೇಳಿದರು. ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಮಹಾನಂದ ತಲೆಯೆತ್ತಲಿಲ್ಲ.

"ರೀ, ನೋಡಿ, ಅವ್ರೂ ಅಕ್ಕಿ ಡಬ್ಬದಲ್ಲೇ ಇಡ್ತಿದ್ರಂತೆ."

ನಾನು ಅವಳತ್ತ ತಿರುಗಿದೆ. "ನಿಂಗೆ ಗೊತ್ತಿತ್ತಾ?"

"ದಿನಾ ಅನ್ನ ಮಾಡೋಳು ನಾನಲ್ವಾ?"

ಅಷ್ಟು ವರ್ಷ ನನಗೆ ಬುದ್ಧಿ ಹೇಳಿದವರಿಗೆ ಬರವಿರಲಿಲ್ಲ. ಮಠದ ಸ್ವಾಮಿಗಳು, ಅಂಗಡಿಯ ಯಜಮಾನರು, ಇಬ್ಬರು ಭಾವಮೈದುನರು. ಎಲ್ಲರೂ ಒಳ್ಳೆಯವರೇ, ಆದರೆ ಅವರಲ್ಲಿ ಒಬ್ಬರಾದರೂ ಅಕ್ಕಿ ಡಬ್ಬಕ್ಕೆ ಕೈ ಹಾಕಿದವರಲ್ಲ. ಈ ಮನುಷ್ಯ ಹಾಕಿದ್ದರು. ನನಗಿಂತ ಆಳಕ್ಕೆ ಬಿದ್ದಿದ್ದರು. ಆದರೂ ನುಣ್ಣಗೆ ಗಡ್ಡ ಬೋಳಿಸಿಕೊಂಡು, ನಡುಗದ ಕೈಯಲ್ಲಿ ನೀರಿನ ಲೋಟ ಹಿಡಿದು ಕೂತಿದ್ದರು. ನನಗೂ ಆದೀತು ಎಂದು ಮೊದಲ ಬಾರಿಗೆ ಅನ್ನಿಸಿತು. ಆ ವಾರವೇ ವೈದ್ಯರ ಬಳಿ ಹೋದೆ. ಅವರೇ ನಿಮ್ಮ ಮಹಡಿ ಕೋಣೆಯ ದಾರಿ ತೋರಿಸಿದರು.

ಕೂಟ ನಡೆಸುವವರು ಆಂಜಿನಯ್ಯ. ವಿದ್ಯುತ್ ಕಂಬ ಹತ್ತುವ ಕೆಲಸದಿಂದ ನಿವೃತ್ತರಾದವರು, ಬಿಟ್ಟು ಹನ್ನೊಂದು ವರ್ಷ. ಗೋಡೆಯ ಗುಂಡಗಿನ ಅಕ್ಷರ ಅವರದೇ. ಹೂ ಮಾರುವ ಪಿಳ್ಳಮ್ಮನವರು ನನಗಿಂತ ಹಳಬರು. ಒಟ್ಟು ಎಂಟು ಜನ. (ಹೆಸರು ಬರೆಯಲು ಇವರಿಬ್ಬರೂ ಒಪ್ಪಿದ್ದಾರೆ.)

ಈ ವರ್ಷ ಯುಗಾದಿ ಕಳೆದ ವಾರ ಪತ್ರಿಕೆಯಲ್ಲಿ ಸುದ್ದಿ ಬಂತು: ಕ್ರಿಕೆಟಿಗರು ಮತ್ತೆ ಕುಡಿಯಲು ಶುರು ಮಾಡಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ. ನನಗೆ ಎಷ್ಟು ಕೋಪ ಬಂತೆಂದರೆ, ಅಂದು ಕೋಣೆಗೆ ಬಂದವನೇ ಅವರ ಚಿತ್ರ ಕೀಳಲು ಹೋದೆ. ನಿಜ ಹೇಳಬೇಕೆಂದರೆ ಅದು ಕೋಪವಲ್ಲ, ಭಯ. ಅವರ ಕೈಯಲ್ಲೇ ಆಗದ್ದು ಚಿಕ್ಕಪೇಟೆಯ ಚಿದಂಬರನ ಕೈಯಲ್ಲಿ ಆದೀತೇ? ಆಂಜಿನಯ್ಯನವರು ನನ್ನ ಕೈ ಹಿಡಿದುಕೊಂಡರು.

"ಬಿಡಿ ಚಿದಂಬರ ಅವ್ರೇ. ಕಂಬದಿಂದ ಬಿದ್ದೋನ ಫೋಟೋ ಯಾರಾದ್ರೂ ಹರೀತಾರಾ? ಹೋಗಿ ನೋಡ್ಕೊಂಡು ಬರ್ತಾರೆ."

ಅಂಥವರನ್ನು ನೋಡಲು ನಮ್ಮನ್ನು ಯಾರು ಬಿಡುತ್ತಾರೆ? ಆಸ್ಪತ್ರೆಯ ವಿಳಾಸಕ್ಕೇ ಒಂದು ಪತ್ರ ಬರೆದೆವು. ಪಿಳ್ಳಮ್ಮನವರು ಹೇಳಿದಂತೆಯೇ ನಾನು ಬರೆದ ಸಾಲುಗಳಿವು: "ಕೆಳಗಿದ್ದ ವರ್ಷ ಅಳ್ಸಿದೀವಿ. ಫೋಟೋ ತೆಗ್ದಿಲ್ಲ. ನಿಮ್ ಜಾಗ ಹಂಗೇ ಐತೆ." ಉತ್ತರ ಬರಲೆಂದು ಗ್ರಂಥಾಲಯದ ವಿಳಾಸ ಕೊಟ್ಟೆವು.

ಅದಾಗಿ ಕೆಲವೇ ವಾರಗಳಲ್ಲಿ ತಮ್ಮ ತಪಾಸಣೆ. ಚಿತ್ರಗಳು ಕೆಳಗಿಳಿದವು, ಬಾಗಿಲಿಗೆ ಬೀಗ ಬಿತ್ತು, ನಾವು ಗೇಟಿನ ಹೊರಗಿನ ಫುಟ್‌ಪಾತಿಗೆ ಬಂದೆವು. ನಮಗೊಂದು ಪತ್ರ ಬಂದಿತ್ತಂತೆ. ತಮ್ಮ ಆದೇಶವನ್ನು ಶಿರಸಾವಹಿಸಿ ಪಾಲಿಸಿದ ಸಿಬ್ಬಂದಿ, "ಇಂಥ ಕೂಟ ಇಲ್ಲಿ ಇಲ್ಲ" ಎಂದು ಬರೆದು ವಾಪಸು ಕಳಿಸಿದರಂತೆ. ಆಡಳಿತದಲ್ಲಿ ಇಷ್ಟು ಚುರುಕು ನಾನು ಹಿಂದೆ ಕಂಡಿರಲಿಲ್ಲ.

ಹೋದ ಭಾನುವಾರ ಗೇಟಿನ ಮುಂದೆ ಆಟೋ ನಿಂತಿತು. ಟೋಪಿ ಹಾಕಿದ್ದ, ತೀರಾ ಇಳಿದುಹೋಗಿದ್ದ ಒಬ್ಬರು ಇಳಿದು ನನ್ನನ್ನೇ ಕೇಳಿದರು: "ಇಲ್ಲಿ ಮಹಡಿ ಮೇಲೆ ಒಂದು ಮೀಟಿಂಗ್ ನಡೀತಿತ್ತಲ್ಲ, ಅವ್ರೆಲ್ಲ ಏನಾದ್ರು?"

ಗುರುತು ಸಿಕ್ಕಿತು: ಅದೇ ಕ್ರಿಕೆಟಿಗರು. ನಾನು ದಡಬಡಿಸಿ ಎದ್ದು ನಿಂತೆ. "ನಾವೇ ಸರ್" ಎಂದವರು ಆಂಜಿನಯ್ಯ.

ಅವರು ಅಲ್ಲೇ ಆಟೋಗೆ ಒರಗಿಕೊಂಡರು. "ನಾನು ಬರ್ದಿದ್ದು ವಾಪಸ್ ಬಂತು. ನೀವೆಲ್ಲ ಮತ್ತೆ ಶುರು ಮಾಡ್ಕೊಂಡ್ರೇನೋ ಅಂತ ಹೆದರಿಬಿಟ್ಟೆ ಕಣ್ರಿ. ನಿಮ್ ಕಾಗದ ಇಟ್ಕೊಂಡೇ ನಾನು ಇಷ್ಟು ದಿನ ತಳ್ಳಿರೋದು."

"ಅದಿರ್ಲಿ, ಬಂದು ಕೂತ್ಕಳಿ. ಎಷ್ಟ್ ದಿನ ಆಯ್ತು, ಅದೇಳಿ ಮೊದ್ಲು," ಎಂದರು ಪಿಳ್ಳಮ್ಮ.

"ನಲವತ್ತೊಂದು."

ನಾವು ಎಂಟೂ ಜನ ಚಪ್ಪಾಳೆ ತಟ್ಟಿದೆವು. ತುಂಬಿದ ಕ್ರೀಡಾಂಗಣಗಳ ಚಪ್ಪಾಳೆ ಕೇಳಿದ್ದ ಮನುಷ್ಯ ಫುಟ್‌ಪಾತಿನ ಮೇಲೆ ಕೂತು, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಷ್ಟು ದಿನ ಅವರಿಂದ ಧೈರ್ಯ ಪಡೆಯುತ್ತಿದ್ದವರು ನಾವು. ಅಂದು ನನ್ನ ಭುಜ ಹಿಡಿದುಕೊಂಡು ಎದ್ದವರು ಅವರು.

ಹಾಗಾದರೆ ಫುಟ್‌ಪಾತೇ ಸಾಕಲ್ಲ ಎಂದು ತಾವು ಕೇಳಬಹುದು. ನಮಗೆ ಸಾಕು. ಆದರೆ ಹೈಸ್ಕೂಲಿನ ಮೇಡಂ ಒಬ್ಬರು ಆಂಜಿನಯ್ಯನವರಿಗೆ ನಾಲ್ಕು ಸಲ ಫೋನ್ ಮಾಡಿದ್ದಾರೆ. ನಾಲ್ಕು ಸಲವೂ ಒಂದೇ ಪ್ರಶ್ನೆ: "ಒಳಗಡೆ ಕೂತ್ಕೋತೀರಾ, ಹೊರಗಡೆನಾ?" ಹೊರಗಡೆ ಎಂದಾಗಲೆಲ್ಲ ಫೋನ್ ಇಟ್ಟುಬಿಡುತ್ತಾರೆ. ಅವರ ವಿದ್ಯಾರ್ಥಿಗಳು ಓಡಾಡುವ ರಸ್ತೆ ಇದು. ಮೊನ್ನೆ ಐದನೇ ಸಲ ಫೋನ್ ಬಂದಾಗ ಆಂಜಿನಯ್ಯನವರು ಸುಳ್ಳು ಹೇಳಿದ್ದಾರೆ: "ಒಳಗಡೇನೇ ಮೇಡಂ. ಬನ್ನಿ."

ಆದ್ದರಿಂದ ತಮ್ಮ ಆದೇಶವನ್ನು ರದ್ದುಪಡಿಸಿ, ಈ ಭಾನುವಾರ ನಾಲ್ಕು ಗಂಟೆಗೆ ಮುಂಚೆ ಬೀಗ ತೆಗೆಸಬೇಕು. ಮೇಡಂ ಬರುತ್ತೇನೆ ಎಂದಿದ್ದಾರೆ.

ಇಂತಿ,
ಮೂರು ವರ್ಷ ನಾಲ್ಕು ತಿಂಗಳಿಂದ ಕಾಫಿಯನ್ನಷ್ಟೇ ಮಿತಿಮೀರಿ ಕುಡಿಯುತ್ತಿರುವ
ಚಿದಂಬರ
ತ್ಯಾಗರಾಜನಗರ